ಆಡಿಟ್ ಮುಗಿಯುವ ತನಕ

"ಕಸಬರಗಿ ಹಿಂಗ ಹಿಡೀತಾರೇನೋ ಬೋಳಿಮಗನ? ಮೈಕ್ರೋಮೀಟರ್ ಹಿಡದಾಂಗ ಹಿಡದೀಯಲ್ಲ. ನಿಮ್ಮಪ್ಪ ಇದೊಂದರೆ ಕಲಿಸಿರಬೇಕಲ್ಲ ನಿನಗ?"

ಸುಧಾಕರ ಬೈಯುವಾಗ ಮಾತ್ರ ಕನ್ನಡ ಮರೆಯುತ್ತಿರಲಿಲ್ಲ. ಮರಾಠಿ ಸೀಮೆಯ ವಾಳೂಜ್‌ನ ನಾಲ್ಕು ಕಾರ್ಖಾನೆಗಳಿಗೆ ಆಳು ಪೂರೈಸುವ ಗುತ್ತಿಗೆದಾರ ಅವನು, ಧಾರವಾಡದ ಕಡೆಯವನು. ಸಾಹೇಬರೊಂದಿಗೆ ಮರಾಠಿ, ಫೋನಿನಲ್ಲಿ ಹಿಂದಿ. ನವೆಂಬರಿನಲ್ಲಿ ಕನ್ನಡ ಸಂಘದ ವೇದಿಕೆ ಹತ್ತಿದರೆ 'ಪರಊರಿನಲ್ಲಿ ನಮ್ಮವರಿಗೆ ನಾವೇ ದಿಕ್ಕು' ಎಂದು ಶಾಲು ಹೊದೆಸಿಕೊಂಡು ಬರುತ್ತಿದ್ದ. ಆಳುಗಳ ಪಾಲಿಗೆ ಮಾತ್ರ ಅವನ ಭಾಷೆ ಇದು.

ದತ್ತು ಕಸಬರಿಗೆಯನ್ನು ಸ್ವಲ್ಪ ಕೆಳಗೆ ಹಿಡಿದ. ಅವನಿಗೆ ನಲವತ್ತೊಂಬತ್ತು ವರ್ಷ. ಅದರಲ್ಲಿ ಇಪ್ಪತ್ತೇಳು ವರ್ಷ ನಾಶಿಕದ ಅಂಬಡದಲ್ಲಿ ಒಂದೇ ಟೂಲ್ ರೂಮಿನೊಳಗೆ ಕಳೆದಿದ್ದ. ತಗಡು ಕತ್ತರಿಸಿ ತೂತು ಹೊಡೆಯುವ ಅಚ್ಚುಗಳನ್ನು, ಕಾರ್ಖಾನೆಯವರ ಬಾಯಲ್ಲಿ ಡೈಗಳನ್ನು, ಕಾಗದದ ಮೇಲೆ ಬರೆಯುವುದರಿಂದ ಹಿಡಿದು ಉಕ್ಕಿನಲ್ಲಿ ಕಡೆದು ತಗಡು ಒತ್ತುವ ಪ್ರೆಸ್ಸಿಗೆ ಕೂಡಿಸುವವರೆಗೆ ಎಲ್ಲವೂ ಅವನ ಕೈಯದ್ದೇ. ಅವನು ಕೂದಲೆಳೆಯಷ್ಟು ದಪ್ಪವನ್ನು ಬೆರಳಿನಿಂದ ಮುಟ್ಟಿ ಹೇಳಬಲ್ಲ ಆಸಾಮಿ ಎಂದು ಅಂಬಡದಲ್ಲಿ ಮಾತಿತ್ತು. ಆ ಬೆರಳುಗಳೀಗ ಕಸಬರಿಗೆ ಹಿಡಿಯುವುದನ್ನು ಕಲಿಯುತ್ತಿದ್ದವು.

ಪುಣೆಯಿಂದ ದೊಡ್ಡ ಗಿರಾಕಿ ಕಂಪನಿಯ ಆಡಿಟ್ ತಂಡ ತಪಾಸಣೆಗೆ ಬರುವುದಿತ್ತು. ಗುತ್ತಿಗೆ ಆಳುಗಳು ಮಷೀನು ಮುಟ್ಟಕೂಡದು ಎಂಬುದು ಆ ಕಂಪನಿಯ ಷರತ್ತು. ಆದರೆ ಇಲ್ಲಿ ಪ್ರೆಸ್ ಓಡಿಸುವವರಲ್ಲಿ ಅರ್ಧಕ್ಕರ್ಧ ಸುಧಾಕರನ ಆಳುಗಳೇ. ಹಾಗಾಗಿ ಆಡಿಟ್ ಬಂದಾಗಲೆಲ್ಲ ಒಂದು ನಾಟಕ ನಡೆಯುತ್ತಿತ್ತು. ಆಫೀಸಿನ ಹುಡುಗರು ಹೊಸ ಸಮವಸ್ತ್ರ ತೊಟ್ಟು ಮಷೀನಿನ ಮುಂದೆ ನಿಲ್ಲುತ್ತಿದ್ದರು, ಓಡಿಸುವವರನ್ನು ಹಿಂದಿನ ಮುರುಕು ಶೆಡ್ಡಿಗೆ ದಬ್ಬುತ್ತಿದ್ದರು. ಇವತ್ತೂ ಹನ್ನೊಂದು ಜನ ಆ ಶೆಡ್ಡಿನಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದರು. ಬೀಡಿ ಸೇದುವಂತಿಲ್ಲ, ಜೋರಾಗಿ ಕೆಮ್ಮುವಂತಿಲ್ಲ.

ದತ್ತುವನ್ನು ಮಾತ್ರ ಒಳಗೆ ಉಳಿಸಿಕೊಂಡರು. ಮಷೀನು ಕೈಕೊಟ್ಟರೆ ಹತ್ತಿರದಲ್ಲಿ ಒಬ್ಬ ಬಲ್ಲವನು ಬೇಕಲ್ಲ. ಆದರೆ ಯಾವ ವೇಷದಲ್ಲಿ ಎಂಬ ಪ್ರಶ್ನೆ ಎದ್ದಾಗ, ಅವನ ಜೊತೆ ಒಂದೇ ಖೋಲಿಯಲ್ಲಿರುವ ಆಳಂದದ ಮಹಿಬೂಬ ಮಷೀನಿಗೆ ಎಣ್ಣೆ ಬಿಡುವವನ ಹಾಗೆ ಎಣ್ಣೆಡಬ್ಬಿ ಕೊಡೋಣ, ದೊಡ್ಡ ಮನುಷ್ಯ ಅವರು ಎಂದಿದ್ದ. ಸುಧಾಕರ ನಕ್ಕುಬಿಟ್ಟ.

"ಎಣ್ಣಿ ಡಬ್ಬಿ ಯಾಕ? ಇವಂಗ ಇದ ಚಂದ ಒಪ್ಪತೈತಿ. ರಕ್ತದಾಗ ಬಂದದ್ದು. ಯಾರಿಗೂ ಸಂಶೇನ ಬರಾಂಗಿಲ್ಲ."

ಮಹಿಬೂಬ ತಲೆ ತಗ್ಗಿಸಿ ಶೆಡ್ಡಿನ ಕಡೆ ನಡೆದ. ಇಂಡಿ ತಾಲೂಕಿನ ದತ್ತು ಮಾದರ ಯಾರ ಮಗ ಎಂಬುದನ್ನು ಅವನ ಆಧಾರ್ ಕಾರ್ಡ್ ನೋಡಿದ ದಿನವೇ ಸುಧಾಕರ ಲೆಕ್ಕ ಹಾಕಿಟ್ಟಿದ್ದ. ದತ್ತುವಿನ ಅಪ್ಪ ಗೌಡರ ಅಂಗಳ, ಊರ ಚಾವಡಿ ಎರಡನ್ನೂ ಗುಡಿಸಿ ಗುಡಿಸಿಯೇ ಗೂನು ಬೆನ್ನಿನವನಾದವನು. ಮಗ ಆ ಕೆಲಸಕ್ಕೆ ಬೀಳದಿರಲೆಂದು ವಿಜಯಪುರದ ಐಟಿಐಗೆ ಹಾಕಿದ್ದ. ಮಗ ರೈಲು ಹತ್ತಿ ನಾಶಿಕಕ್ಕೆ ಬಂದ ಮೇಲೆ ಊರಿಗೆ ಹೋದಾಗಲೂ ಅಂಗಳ ಗುಡಿಸಿದವನಲ್ಲ. ಇವತ್ತು ಸುಧಾಕರನ ಮಾತು ಕೇಳಿ ಅವನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾಲ್ಕು ತಿಂಗಳಿಂದ ಅವನಿಗೆ ಯಾವುದೂ ಬರುತ್ತಿರಲಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ದವಡೆ ಜೋಮು ಹಿಡಿದಿರುತ್ತದಲ್ಲ, ಹಾಗಿತ್ತು ಅವನ ಎದೆ.

ನಾಲ್ಕು ತಿಂಗಳ ಹಿಂದೆ ಅಂಬಡದ ಟೂಲ್ ರೂಮು ಮುಚ್ಚಿತು. ಮಾಲಿಕರ ಮಕ್ಕಳು ಜಾಗ ಮಾರಿದರು. ಡೈಗಳನ್ನೆಲ್ಲ ವಾಳೂಜ್‌ನ ಈ ಕಾರ್ಖಾನೆ ತೂಕದ ಮೇಲೆ ಕೊಂಡು ಎರಡು ಲಾರಿಯಲ್ಲಿ ಹೇರಿಕೊಂಡು ಹೋಯಿತು. ಡೈಗಳ ಹಿಂದೆ ಅವನ್ನು ಮಾಡಿದವನೂ ಹೊರಟ. ಲಾರಿಯಲ್ಲಿ ಹೋದ ಉಕ್ಕಿಗಾದರೂ ತೂಕದ ಚೀಟಿ ಇತ್ತು. ಅವನು ಯೇವಲಾ, ವೈಜಾಪುರ ದಾಟಿ ಎಸ್‌ಟಿ ಬಸ್ಸಿನಲ್ಲಿ ಒಂದು ಟ್ರಂಕು ಇಟ್ಟುಕೊಂಡು ಬಂದಿಳಿದ. ಹೆಂಡತಿ ಕಮಲಾಬಾಯಿಯೂ ಡಿಪ್ಲೊಮಾ ಓದುತ್ತಿದ್ದ ಮಗಳು ರುಚಿತಾಳೂ ನಾಶಿಕದ ಬಾಡಿಗೆ ಮನೆಯಲ್ಲೇ ಉಳಿದರು.

ಈ ವಯಸ್ಸಿನವರನ್ನು ಕಂಪನಿ ನೇರವಾಗಿ ತೆಗೆದುಕೊಳ್ಳುವುದಿಲ್ಲ ಎಂದು ಮೊದಲ ದಿನವೇ ಗೊತ್ತಾಯಿತು. ಸುಧಾಕರನ ಆಫೀಸಿನಲ್ಲಿ ಒಂದು ಫಾರ್ಮ್ ಮುಂದೆ ಚಾಚಿದರು. ಕೆಲಸ: ಹೆಲ್ಪರ್, ಸ್ವಚ್ಛತೆ. ಅನುಭವ: ಇಲ್ಲ. ದತ್ತು ತನ್ನ ಸರ್ಟಿಫಿಕೇಟಿನ ಕಡತ ಬಿಚ್ಚಿದ್ದ. ಸುಧಾಕರ ಅದನ್ನು ಮುಟ್ಟಲೂ ಇಲ್ಲ. ನನ್ನ ಲೈಸೆನ್ಸು ಇರುವುದೇ ಕಸ ಹೊಡೆಯಲು, ಮಾಲು ಇಳಿಸಲು, ಇದು ಬರೀ ಕಾಗದದ ಮಾತು, ಮಾಡುವುದು ನಿನ್ನ ಕೆಲಸವೇ ಎಂದ. ಮುಂದಿನ ಆಡಿಟ್ ಸುಸೂತ್ರವಾಗಿ ಕಳೆದರೆ ಕಂಪನಿಯ ರೋಲಿಗೆ, ಅಂದರೆ ಖಾಯಂ ನೌಕರರ ಪಟ್ಟಿಗೆ, ಹಾಕಿಸುವ ಭಾಷೆಯನ್ನೂ ಕೊಟ್ಟ. ರೋಲಿಗೆ ಬಂದರೆ ಕ್ವಾರ್ಟರ್ಸಿನಲ್ಲಿ ಎರಡು ಖೋಲಿಯ ಮನೆ, ಹೆಂಡತಿ ಮಗಳು ಜೊತೆಗೆ, ಎದೆಯ ಮೇಲೆ ಟೂಲ್‌ಮೇಕರ್ ಎಂಬ ಬಿಲ್ಲೆ. ದತ್ತು ಸಹಿ ಹಾಕಿದ. ಇಪ್ಪತ್ತೇಳು ವರ್ಷ ಒಂದು ಸಹಿಯಲ್ಲಿ ಅಳಿಸಿಹೋಯಿತು.

ಆ ಆಡಿಟ್ ಇವತ್ತಿನದು. ಬೆಳಿಗ್ಗೆ ಫೋನು ಮಾಡಿದಾಗ ಕಮಲಾಬಾಯಿ ಮನೆ ಮಾಲಕಿಗೆ ಖಾಲಿ ಮಾಡುವುದಾಗಿ ಹೇಳಿಯೇಬಿಟ್ಟಿದ್ದಳು. ನೇಮಕದ ಕಾಗದ ಕೈಗೆ ಬರುವತನಕ ತಡೀಬೇಕಿತ್ತು ಎಂದ ದತ್ತು. ನಾಲ್ಕು ತಿಂಗಳು ತಡೆದದ್ದು ಸಾಲದೇನು ಎಂದು ಅವಳ ಉತ್ತರ. ಅಷ್ಟರಲ್ಲಿ ರುಚಿತಾ ಫೋನು ಕಸಿದುಕೊಂಡಳು. ನಾಶಿಕದಲ್ಲೇ ಬೆಳೆದ ಅವಳ ಕನ್ನಡದಲ್ಲಿ ಅರ್ಧ ಮರಾಠಿ.

"ಪಪ್ಪಾ, ಆಯಿ ಭಾಂಡೆ ಎಲ್ಲಾ ಗೋಣಿಯಾಗ ಕಟ್ಯಾಳ. ಚಾ ಕುಡಿಯಾಕ ಒಂದ್ ಕಪ್ ಸುದ್ದಾ ಬಿಟ್ಟಿಲ್ಲ. ನೀವು ಲವಕರ್ ಕಾಗದ ತಗೋರಿ."

ಬೇಗನೇ ತಗೊಳ್ಳುತ್ತೇನೆ ಎಂದು ಅವನು ಹೇಳಿದ್ದ. ಹೇಳಿದ್ದು ಸುಳ್ಳಲ್ಲ. ಸುಮ್ಮನಿದ್ದರೆ ಸಾಕು, ಕಾಗದ ಸಿಗುತ್ತಿತ್ತು. ಸುಮ್ಮನಿರುವುದೇನೂ ಅವನಿಗೆ ಹೊಸದಲ್ಲ.

ತೊಡಕು ಹಿಂದಿನ ದಿನವೇ ಹುಟ್ಟಿತ್ತು. ಆಡಿಟ್‌ನವರಿಗೆ ತೋರಿಸಲೆಂದು ಆರಿಸಿದ್ದು ಅಂಬಡದಿಂದ ಬಂದ ಡೈಗಳಲ್ಲೇ ದೊಡ್ಡದನ್ನು. ಅದನ್ನು ದತ್ತು ಹನ್ನೊಂದು ವರ್ಷದ ಹಿಂದೆ ಮೂರು ತಿಂಗಳು ತಿಣುಕಾಡಿ ಮಾಡಿದ್ದ. ಒಂದೇ ಏಟಿಗೆ ಮೂರು ದೊಡ್ಡ ತೂತು, ಎಂಟು ಸಣ್ಣ ತೂತು ಹೊಡೆಯಬೇಕು. ಸಣ್ಣ ತೂತಿನ ಪಂಚುಗಳು, ಅಂದರೆ ತೂತು ಹೊಡೆಯುವ ಉಕ್ಕಿನ ಕಡ್ಡಿಗಳು, ಪೆನ್ಸಿಲ್ಲಿನಷ್ಟು ಸಪೂರ. ದಪ್ಪ ಪಂಚುಗಳು ತಗಡಿಗೆ ಬಡಿಯುವ ಹೊಡೆತಕ್ಕೆ ಸಪೂರದವು ಅದುರಿ ಮುರಿಯುತ್ತವೆ. ಅದಕ್ಕೇ ಬಲ್ಲವರು ಅವನ್ನು ತಗಡಿನ ದಪ್ಪದಷ್ಟು ಗಿಡ್ಡ ಇಡುತ್ತಾರೆ. ದಪ್ಪದವು ಮೊದಲು ಒಳಗೆ ಇಳಿದು ತಗಡನ್ನು ಗಟ್ಟಿಯಾಗಿ ಹಿಡಿದ ಮೇಲೆ ಸಪೂರದವು ಇಳಿಯಬೇಕು. ಇದನ್ನು ನಕ್ಷೆಯಲ್ಲಿ ಬರೆಯುವ ರೂಢಿ ಅಂಬಡದಲ್ಲಿ ಇರಲಿಲ್ಲ. ಟೂಲ್ ರೂಮಿನಲ್ಲಿ ಎಲ್ಲರಿಗೂ ಗೊತ್ತಿದ್ದದ್ದನ್ನು ಬರೆಯುವುದೇಕೆ ಎಂದು ದತ್ತುವೂ ಬರೆದಿರಲಿಲ್ಲ. ಅದು ಅವನ ತಪ್ಪೇ.

ಡೈ ಬಿಚ್ಚಿ ನೋಡಿದ ವಿಶಾಲನಿಗೆ ಪಂಚುಗಳು ಉದ್ದ ಗಿಡ್ಡ ಕಂಡವು. ವಿಶಾಲ ಇಲ್ಲಿಯ ಇಂಜಿನಿಯರು, ಇಪ್ಪತ್ತಾರರ ತರುಣ, ಕೆಟ್ಟವನೇನಲ್ಲ, ಅವಸರದವನು. ಹಳೆಯ ಡೈ ಸವೆದಿದೆ ಎಂದುಕೊಂಡು ಎಲ್ಲವನ್ನೂ ಒಂದೇ ಮಟ್ಟಕ್ಕೆ ತಿಕ್ಕಿಸಿ ಫಳಫಳ ಹೊಳೆಯುವಂತೆ ಮಾಡಿದ. ದತ್ತು ನೋಡುವಷ್ಟರಲ್ಲಿ ಕೆಲಸ ಮುಗಿದುಹೋಗಿತ್ತು. ಅವನು ಹತ್ತಿರ ಹೋಗಿ, ಸರ್, ಇದು ಹೀಗೆ ಓಡಿದರೆ ಮುರಿಯುತ್ತದೆ, ಒಂದು ರಾತ್ರಿ ಕೊಡಿ, ಸಣ್ಣವನ್ನು ಗಿಡ್ಡ ಮಾಡಿಕೊಡುತ್ತೇನೆ ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದ. ವಿಶಾಲ ನಕ್ಷೆ ತೋರಿಸಿ, ಇದರಲ್ಲಿ ಎಲ್ಲಿದೆ ಎಂದ. ನಕ್ಷೆಯ ಮೂಲೆಯಲ್ಲಿ, ರಚಿಸಿದವರು ಎಂಬ ಜಾಗದಲ್ಲಿ, ವಿಶಾಲನ ಹೆಸರೇ ಇತ್ತು. ಹಳೆಯ ನಕ್ಷೆಯನ್ನು ಕಂಪ್ಯೂಟರಿಗೆ ಏರಿಸುವಾಗ ದತ್ತುವಿನ ಹೆಸರು ಹೋಗಿ ಅದು ಬಂದಿತ್ತು. ದತ್ತು ಆ ಹೆಸರನ್ನೇ ನೋಡುತ್ತ ನಿಂತ. ಅಷ್ಟರಲ್ಲಿ ಸುಧಾಕರ ಬಂದು ಅವನ ತೋಳು ಹಿಡಿದು ಎಳೆದೊಯ್ದ.

"ಸೂಳಿಮಗನ, ನಾಳೆ ಕಾಗದಾ ಬೇಕೋ ಬ್ಯಾಡೋ? ಇಂಜಿನಿಯರ್‌ಗ ಶಾಣ್ಯಾತನ ಹೇಳಾಕ ನಿಂತೀಯೇನ? ನೀ ಹೆಲ್ಪರ್ ಅದಿ. ಬಾಯಿ ಮುಚ್ಚಕೊಂಡ ಇರು."

ದತ್ತು ಬಾಯಿ ಮುಚ್ಚಿಕೊಂಡ.

ಹನ್ನೊಂದು ಗಂಟೆಗೆ ಆಡಿಟ್‌ನವರು ಬಂದರು. ವಸುಧಾ ಎಂಬ ಐವತ್ತರ ಹೆಂಗಸು, ಜೊತೆಗೆ ಫೈಲು ಹಿಡಿದ ಇಬ್ಬರು. ಆಕೆ ನೆತ್ತಿಗೆ ಕನ್ನಡಕ ಏರಿಸಿಕೊಂಡು ನಡೆಯುವ ರೀತಿಯಲ್ಲೇ ಮಷೀನುಗಳ ನಡುವೆ ಬೆಳೆದವಳು ಎಂದು ದತ್ತುವಿಗೆ ಗೊತ್ತಾಯಿತು. ಅವನು ಬಗ್ಗಿ ಗುಡಿಸತೊಡಗಿದ. ಗುಡಿಸಿದಲ್ಲೇ ಗುಡಿಸಿದ. ಗುಡಿಸಲು ಅಲ್ಲಿ ಏನೂ ಇರಲಿಲ್ಲ, ಬೆಳಿಗ್ಗೆಯೇ ನೆಲ ಒರೆಸಿ ಇಟ್ಟಿದ್ದರು. ಆಕೆ ಅವನನ್ನು ದಾಟಿಹೋಗುವಾಗ ಕಾಲು ಬದಿಗೆ ಇಟ್ಟಳು. ಜೊತೆಗೆ ಬಂದ ಕಾರ್ಖಾನೆಯ ಸಾಹೇಬರು ದತ್ತುವನ್ನು ನೋಡಲೇ ಇಲ್ಲ.

ಪ್ರೆಸ್ಸಿನ ಮುಂದೆ ನಿಂತು ವಿಶಾಲ ಇಂಗ್ಲಿಷಿನಲ್ಲಿ ವಿವರಿಸಿದ. ಈ ಡೈ ನಮ್ಮಲ್ಲೇ ತಯಾರಾದದ್ದು ಎಂದ. ದತ್ತು ಅದನ್ನು ಕೇಳಿದ. ಹೊಸ ಸಮವಸ್ತ್ರದ ಆಫೀಸಿನ ಹುಡುಗ ಗೋವಿಂದ ಗುಂಡಿ ಒತ್ತಿದ, ಪ್ರೆಸ್ ಧಡ್ ಧಡ್ ಎಂದು ಶುರುವಾಯಿತು. ಮೊದಲ ಐವತ್ತು ತುಂಡು ಚೊಕ್ಕಟವಾಗಿ ಬಿದ್ದವು. ವಸುಧಾ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ತಲೆದೂಗಿದಳು. ಸುಧಾಕರ ದೂರದಿಂದಲೇ ದತ್ತುವಿನ ಕಡೆ ನೋಡಿ ಅಂಗಿಯ ಕಿಸೆ ತಟ್ಟಿದ. ಕಾಗದ ಅಲ್ಲೇ ಇತ್ತು.

ಆಮೇಲೆ ಸದ್ದು ಬದಲಾಯಿತು. ಬೇರೆಯವರಿಗೆ ಅದು ಅದೇ ಧಡ್ ಧಡ್. ದತ್ತುವಿಗೆ ಮಾತ್ರ ಆ ಹೊಡೆತದ ಬಾಲದಲ್ಲಿ ಒಂದು ಸಣ್ಣ ಕಿರುಗುಡುವಿಕೆ ಕೇಳಿತು. ಎರಡನೇ ಸಾಲಿನ ಎಡಗಡೆಯ ಪಂಚು ಬಾಗಲು ಹತ್ತಿದೆ. ಈಗ ನಿಲ್ಲಿಸಿದರೆ ಡೈ ಉಳಿಯುತ್ತದೆ. ನಿಲ್ಲಿಸುವ ಕೆಂಪು ಗುಂಡಿ ಅವನಿಂದ ನಾಲ್ಕು ಹೆಜ್ಜೆ ದೂರ. ಮೂರು ತಿಂಗಳ ತಿಣುಕಾಟ ಆ ಉಕ್ಕಿನಲ್ಲಿತ್ತು. ಅದನ್ನು ಮಾಡುವಾಗ ರುಚಿತಾಳಿಗೆ ಕಾಮಾಲೆ ಆಗಿದ್ದರೂ ರಜೆ ಹಾಕಿರಲಿಲ್ಲ. ಅವನ ಕಾಲು ತಾನಾಗಿ ಒಂದು ಹೆಜ್ಜೆ ಮುಂದಿಟ್ಟಿತು.

"ಏ! ಹಿಂದ ಸರಿ," ಎಂದು ಸುಧಾಕರ ಹಲ್ಲು ಕಚ್ಚಿ ಪಿಸುಗುಟ್ಟಿದ. "ಕಸಾ ಹೊಡಿ."

ದತ್ತು ಹಿಂದೆ ಸರಿದು ಕಸ ಹೊಡೆದ. ಕಿರುಗುಡುವುದು ಜೋರಾಯಿತು. ಕೇಳುತ್ತ ಕೇಳುತ್ತ ಗುಡಿಸಿದ. ಎದೆಯೊಳಗೆ ಏನಾದರೂ ಹರಿಯುತ್ತದೇನೋ ಎಂದು ಕಾದ. ಏನೂ ಹರಿಯಲಿಲ್ಲ.

ಬಂದೂಕು ಹೊಡೆದ ಹಾಗೆ ಸದ್ದಾಯಿತು. ಗೋವಿಂದ ಕೈ ಮೇಲೆತ್ತಿ ಹಿಂದಕ್ಕೆ ಹಾರಿದ. ಪಂಚಿನ ಚೂರುಗಳು ನೆಲದ ಮೇಲೆ ಚೆಲ್ಲಾಡಿದವು. ಒಂದು ಮುರಿದದ್ದು ತಗಡಿನಡಿ ಸಿಕ್ಕು, ಮರುಹೊಡೆತಕ್ಕೆ ಡೈಯ ಕೆಳಗಿನ ಉಕ್ಕಿನ ಹಲಗೆ ನಟ್ಟನಡುವೆ ಬಿರುಕು ಬಿಟ್ಟಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ. ಯಾರೋ ಓಡಿಬಂದು ಕೆಂಪು ಗುಂಡಿ ಒತ್ತಿ ಪ್ರೆಸ್ ನಿಲ್ಲಿಸಿದರು.

ದತ್ತು ಮುಂದೆ ಬಂದ. ಯಾರೂ ಹೇಳದೆಯೇ ಬಗ್ಗಿ ಆ ಚೂರುಗಳನ್ನು ಗುಡಿಸಿ ತಗಡಿನ ಮೊರದೊಳಗೆ ಎಳೆದುಕೊಳ್ಳತೊಡಗಿದ. ವಸುಧಾ ಕಾಲ ಬಳಿ ಬಿದ್ದ ಒಂದು ತುಂಡನ್ನು ಎತ್ತಿಕೊಂಡು, ಮುರಿದ ಬಾಯಿಯನ್ನು ಉಗುರಿನಿಂದ ಸವರಿದಳು. ಬಗ್ಗಿ ಡೈಯೊಳಗೆ ಇಣುಕಿ, ಪಂಚುಗಳೆಲ್ಲ ಒಂದೇ ಮಟ್ಟಕ್ಕೆ ಯಾಕಿವೆ ಎಂದು ಕೇಳಿದಳು. ವಿಶಾಲ ನಕ್ಷೆಯ ಹಾಳೆ ತಿರುವತೊಡಗಿದ. ಹಾಗಾದರೆ ಇದನ್ನು ಮಾಡಿದವರನ್ನು ಕರೆಯಿರಿ, ನಾನು ಅವರ ಜೊತೆ ಮಾತಾಡಬೇಕು ಎಂದಳು.

ಸಾಹೇಬರು ವಿಶಾಲನ ಮುಖ ನೋಡಿದರು. ವಿಶಾಲ ಸುಧಾಕರನ ಮುಖ ನೋಡಿದ. ಸುಧಾಕರ ಸರಸರ ಬಂದು ದತ್ತುವಿನ ಪಕ್ಕದಲ್ಲಿ ಬಗ್ಗಿದ. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವನ ನಾಲಿಗೆ ಬಹುವಚನಕ್ಕೆ ಹೊರಳಿತು.

"ದತ್ತು ಅವರ, ನೀವ ಒಂದೀಟ ನೋಡ್ರಿ. ಏನರೆ ಹೇಳ್ರಿ ಆಕಿಗೆ. ನಿಮ್ಮ ಕಾಗದ ಇಲ್ಲೇ ಐತ್ರಿ, ಕೊಟ್ಟಬಿಡ್ತೀನಿ."

ಕಿಸೆಯಲ್ಲಿ ಮಡಿಚಿದ ಕಾಗದದ ಬಿಳಿ ಅಂಚು ಕಾಣುತ್ತಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ದತ್ತು ಅದನ್ನು ನೋಡಿದ, ಆಮೇಲೆ ಸುಧಾಕರನ ಹಣೆಯ ಬೆವರನ್ನು ನೋಡಿದ. ಕಮಲಾಬಾಯಿಗೆ ಏನು ಹೇಳುವುದು ಎಂದು ಒಮ್ಮೆ ಯೋಚಿಸಿದ. ಎದ್ದು ನಿಂತ.

ಇವರು ಯಾರು ಎಂದು ವಸುಧಾ ಕೇಳಿದಳು.

"ನಾ ಹೆಲ್ಪರ್ ಅದೀನ್ರಿ ಮೇಡಂ," ಎಂದ ದತ್ತು, ಮೊದಲು ಕನ್ನಡದಲ್ಲಿ, ಆಮೇಲೆ ಅದನ್ನೇ ಮರಾಠಿಯಲ್ಲಿ. ಅನುಭವ ಇಲ್ಲ ಎಂದು ಫಾರ್ಮಿನಲ್ಲಿ ತಾನೇ ಸಹಿ ಹಾಕಿರುವುದಾಗಿಯೂ, ಬೇಕಿದ್ದರೆ ಈ ಗುತ್ತಿಗೆದಾರರ ಆಫೀಸಿನಲ್ಲಿ ನೋಡಬಹುದೆಂದೂ, ಹಿಂದಿನ ಶೆಡ್ಡಿನಲ್ಲಿ ತನ್ನಂಥ ಹೆಲ್ಪರ್‌ಗಳು ಇನ್ನೂ ಹನ್ನೊಂದು ಜನ ಕೂತಿದ್ದಾರೆಂದೂ, ದಿನಾ ಪ್ರೆಸ್ ಓಡಿಸುವವರು ಅವರೇ ಎಂದೂ ಹೇಳಿದ. ದನಿ ಏರಲಿಲ್ಲ, ಇಳಿಯಲಿಲ್ಲ.

ಸುಧಾಕರ ಅಂಗೈಯಿಂದ ಕಿಸೆ ಮುಚ್ಚಿಕೊಂಡ. ದತ್ತು ಚೂರು ತುಂಬಿದ ತಗಡಿನ ಮೊರವನ್ನು ವಸುಧಾಳ ಮುಂದೆ ಹಿಡಿದ.

"ಆ ತುಂಡೂ ಇದರಾಗ ಹಾಕ್ರಿ. ಕಸಾ ಚೆಲ್ಲಬೇಕು."

ಆಕೆ ತುಂಡು ಹಾಕಲಿಲ್ಲ. ಅವನು ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ.