ಹಾರ ಹಾಕಿದ ಫೋಟೊ

ವಿಕ್ರೋಳಿಯ ನಮ್ಮ ಚಾಳಿನಲ್ಲಿ ಬೆಳಗಾಗುವುದೇ ಬೀಬೀಜಾನ ರೊಟ್ಟಿ ಬಡಿಯುವ ಸದ್ದಿಗೆ. ಬಡಿದು ಬಡಿದು ಅವಳ ಅಂಗೈಯ ಗೆರೆಗಳೇ ಸವೆದಿವೆ. ರೇಷನ್ ಅಂಗಡಿಯ ಮೆಷಿನ್ನಿಗೆ ಅವಳ ಬೆರಳು ಹತ್ತುವುದಿಲ್ಲ. ಅವಳಿಗಿದ್ದುದು ಒಂದೇ ಆಸೆ: ಈ ಹೊಗೆಯ ಖೋಲಿ ಬಿಟ್ಟು ಸ್ವಂತದ್ದೊಂದು ರೊಟ್ಟಿ ಅಂಗಡಿ.

ದುಡ್ಡು ಹಾಕುವವರನ್ನು ಹುಡುಕಿಕೊಡುತ್ತೇನೆಂದು ದಹಿಸರಿನ ಮನೀಶ್ ಬಂದ. ಬಿಸಿನೆಸ್ ಪ್ಲಾನ್ ಬರೆಯುವುದೇ ಅವನ ಕಸುಬು.

"ಆಂಟಿ, ಪ್ಲಾನ್‌ದಲ್ಲಿ ಪಹಲೇ ಸ್ಟೋರಿ ಬೇಕು. ಅದಿಲ್ಲಾಂದ್ರೆ ಕೋಯೀ ನಹೀ ಪಢತಾ, ಯಾರೂ ಓದಲ್ಲ. ನಿಮ್ಮ ಸ್ಟೋರಿ ಹೇಳಿ."

ಬಿಜಾಪುರದ ಕಡೆಯ ಹಳ್ಳಿಯಲ್ಲಿ ಅವ್ವ ಕಲಿಸಿದ್ದು, ಗಂಡ ದಾವಲಸಾಬ ತೀರಿಕೊಂಡ ಮೇಲೆ ಹಿಟ್ಟು ನಾದುತ್ತಲೇ ಅತ್ತದ್ದು, ಪಾಪ, ಎಲ್ಲ ಹೇಳಿದಳು. ಅವನು ಫೋಟೊ ಹೊಡೆದುಕೊಂಡ.

ಸಭೆ ಮಾಟುಂಗದಲ್ಲಿ. ದುಡ್ಡು ಹಾಕುವವರು ನಮ್ಮ ಕನ್ನಡದ ಹೋಟೆಲ್ ಧಣಿಗಳೇ. ಅವರಿಗೆ ಬಿಸಿ ರೊಟ್ಟಿ ತಿನ್ನಿಸಬೇಕೆಂದು ಮನೀಶ್ ಅವಳನ್ನೂ ನೆರವಿಗೆಂದು ಹೋಗಿದ್ದ ಪಕ್ಕದ ಖೋಲಿಯ ನನ್ನನ್ನೂ ಪರದೆಯ ಹಿಂದೆ ಒಲೆಯ ಮುಂದೆ ಕೂರಿಸಿದ. ಬೀಬೀಜಾನ ಹಬ್ಬದ ಸೀರೆ ಉಟ್ಟಿದ್ದಳು. ಕರೆದಾಗ ಮುಂದೆ ಹೋಗಬೇಕಲ್ಲ!

ಕರೆಯಲಿಲ್ಲ. ತಟ್ಟೆ ಹಂಚಲು ಹೋದ ನನಗೆ ಪ್ರೊಜೆಕ್ಟರಿನ ಬೆಳಕು ಬಿದ್ದ ಬಿಳಿ ಗೋಡೆಯ ಮೇಲೆ ಬೀಬೀಜಾನ ಕಂಡಳು. ಹಣೆಯಲ್ಲಿ ಕುಂಕುಮ. ಫೋಟೊಗೆ ಗಂಧದ ಹಾರ. ಕೆಳಗೆ 'ದಿವಂಗತ ಹಾಲವ್ವ'.

"ನನ್ನ ಅಜ್ಜಿ," ಎನ್ನುತ್ತ ಮನೀಶ್ ಕಣ್ಣೊರೆಸಿಕೊಂಡ. "ಈ ಕಂಪನಿ ಅಜ್ಜಿಯ ನೆನಪು."

ಧಣಿಗಳು ಲೊಚಗುಟ್ಟಿದರು. ಪರದೆಯ ಹಿಂದಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಲೇ ಇತ್ತು.

ಒಳಗೆ ಓಡಿದೆ. "ಬೀಬೀ ಅಕ್ಕಾ, ಬನ್ನಿ ಮಾರಾಯ್ರೆ! ಆ ಹಾಳಾದವ ನಿಮ್ಮನ್ನು ಸಾಯಿಸಿ ಬಿಟ್ಟಿದ್ದಾನೆ!"

ಅವಳು ಬಂದು ನೋಡಿದಳು. ಹಿಟ್ಟಿನ ಕೈಯಿಂದ ಹಣೆ ಒರೆಸಿಕೊಂಡಳು, ಮತ್ತೆ ಮತ್ತೆ.

"ನಮ್ಮೊಳಗ ಸತ್ತೋರ ಫೋಟೊಕ್ಕೂ ಹಾರ ಹಾಕೂದಿಲ್ಲ, ನೀಲಾವತಿ," ಎಂದಳು.

ಮನೀಶ್ ಓಡಿಬಂದ. "ಆಂಟಿ, ಪ್ಲೀಸ್, ಒಳಗೆ ಜಾವೋ. ಪ್ಲಾನ್‌ದಲ್ಲಿ ಇದೆಲ್ಲ ಚಲ್ತಾ ಹೈ. ನಿಮ್ಗೆ ಇಲ್ಲೇ ಪಕ್ಕಾ ನೌಕರಿ ಕೊಡ್ತೇನೆ."

"ಸತ್ತಾಕಿಗೆ ನೌಕರಿ ಕೊಡ್ತೀಯೇನೋ ಭಾಡ್ಯಾ?"

ಅವನನ್ನು ಸರಿಸಿ ಬೀಬೀಜಾನ ಗೋಡೆಯ ಮುಂದೆ ನಿಂತಳು. ಬೆಳಕಿನ ಕುಂಕುಮ ಅವಳ ಮುಖದ ಮೇಲೆ, ಬೆಳಕಿನ ಹಾರ ಎದೆಯ ಮೇಲೆ ಬಿತ್ತು. ಯಾರೋ ಚೀರಿದರು.

"ನಾ ಬೀಬೀಜಾನ ಅದೀನ್ರಿ. ಜೀವಂತ ಅದೀನಿ."

ಧಣಿಗಳು ಮನೀಶನ ಮುಖ ನೋಡಿದರು. "ಅಡಿಗೆಯವಳು ಸರ್, ಥೋಡಾ ತಲೆ ಸರಿಯಿಲ್ಲ," ಎಂದ ಅವನು. ಅವರು ತಲೆಯಾಡಿಸಿ ಮತ್ತೆ ತಟ್ಟೆಗೆ ಕೈಯಿಟ್ಟರು.

ಬೀಬೀಜಾನ ಧಣಿಗಳ ಸಾಲಿಗೆ ಬಂದು ಮೊದಲ ತಟ್ಟೆಯ ರೊಟ್ಟಿ ಕಿತ್ತುಕೊಂಡಳು.

"ಹಂಗಾದ್ರ ಸತ್ತಾಕಿ ಕೈಯಾಗಿನ ರೊಟ್ಟಿ ತಿನಬ್ಯಾಡ್ರಿ. ಬಿಡ್ರಿ."

ಇನ್ನೊಂದು ಸಾಲಿನಿಂದ ನಾನೂ ಕಿತ್ತುಕೊಳ್ಳುತ್ತ ಬಂದೆ. ಬಾಯಲ್ಲಿ ತುತ್ತಿದ್ದವರು ನುಂಗಲೂ ಆಗದೆ ಉಗುಳಲೂ ಆಗದೆ ಕೂತಿದ್ದರು.