ಬಿಳಿಗುಂಡಿನ ಭಾರ

ನಾನು ಒಂದು ಕಲ್ಲು. ಬಿಳಿ ಬಣ್ಣ, ಅಲ್ಲಲ್ಲಿ ಮಾಸಲು ಬೂದಿ ಗೆರೆ, ಬಿಸಿಲಿಗೆ ತಿರುಗಿಸಿದರೆ ಒಂದಿಷ್ಟು ಮಿನುಗು. ನೋಡಿದವರು ಬಿಳಿಕಲ್ಲು ಅಂದು ಮುಂದೆ ಹೋಗುತ್ತಾರೆ. ಅವರನ್ನು ನಾನು ದೂರುವುದಿಲ್ಲ, ನಮ್ಮ ಮನೆತನದ ಬಹಳ ಮಂದಿ ಕಾಣುವುದೇ ಹೀಗೆ. ಆದರೆ ಕಣ್ಣಿಗೆ ಕಂಡಷ್ಟರಲ್ಲೇ ನನ್ನನ್ನು ಅಳೆದದ್ದರಿಂದ ಒಂದು ಸಂಸಾರ ಹಾಳಾಯಿತು. ಬಾಯಿ ಇಲ್ಲದ ನನಗೆ ಆಗ ಹೇಳಲಾಗಲಿಲ್ಲ, ಈಗ ಹೇಳುತ್ತೇನೆ.

ನಾನು ಹುಟ್ಟಿದಾಗ ಬಳ್ಳಾರಿ ಸೀಮೆಯ ಈ ಕೆಂಪು ಗುಡ್ಡಗಳ ಜಾಗದಲ್ಲಿ ಸಮುದ್ರವಿತ್ತು. ತಳದಲ್ಲಿ ಮ್ಯಾಂಗನೀಸಿನ ಕಪ್ಪು ಕೆಸರು. ಎಲ್ಲಿಂದಲೋ ಉಕ್ಕಿದ ಬಿಸಿನೀರು ಆ ಕೆಸರಿಗೆ ಬೇರಿಯಂ ಎಂಬ ಭಾರದ ಧಾತುವನ್ನು ತಂದು ಬೆರೆಸಿತು. ಆಮೇಲೆ ಎಲ್ಲವೂ ನೆಲದೊಳಗೆ ಹೂತು, ಬೆಂದು, ಹಿಂಡಿ, ಗಟ್ಟಿಯಾಯಿತು. ಆ ಬೇಗೆಯಲ್ಲಿ ನಾನಾದೆ.

ನಮ್ಮ ಮನೆತನದ ಹೆಸರು ಫೆಲ್ಡ್‌ಸ್ಪಾರ್. ಭೂಮಿಯ ಮೇಲ್ಪದರದಲ್ಲಿ ಅರ್ಧಕ್ಕರ್ಧ ನಾವೇ ತುಂಬಿದ್ದೇವೆ. ಸಿಲಿಕಾನ್, ಅಲ್ಯುಮಿನಿಯಂ, ಆಮ್ಲಜನಕ ಸೇರಿ ಕಟ್ಟಿದ ಚೌಕಟ್ಟು ಎಲ್ಲರಿಗೂ ಇರುತ್ತದೆ. ಆ ಚೌಕಟ್ಟಿನೊಳಗೆ ಒಂದು ಕೋಣೆ. ಕೋಣೆಗೆ ಯಾರು ಬಾಡಿಗೆಗೆ ಬಂದರು ಅನ್ನುವುದರ ಮೇಲೆ ನಮ್ಮ ಕವಲು ಬೇರೆಯಾಗುತ್ತದೆ. ಪೊಟ್ಯಾಸಿಯಂ ಬಂದರೆ ಆರ್ಥೋಕ್ಲೇಸ್, ಸೋಡಿಯಂ ಬಂದರೆ ಆಲ್ಬೈಟ್, ಕ್ಯಾಲ್ಸಿಯಂ ಬಂದರೆ ಅನಾರ್ಥೈಟ್. ಈ ಮೂವರ ಸಂತಾನ ಊರೂರಿಗೂ ಇದೆ. ನನ್ನ ಕೋಣೆಗೆ ಬಂದವನು ಬೇರಿಯಂ. ಅವನು ಬರುವುದೇ ಅಪರೂಪ, ಬಂದನೆಂದರೆ ಮೈತುಂಬ ಭಾರ. ಹೀಗಾಗಿ ಗಾತ್ರದಲ್ಲಿ ನನ್ನಷ್ಟೇ ಇರುವ ದಾಯಾದಿಗಿಂತ ನಾನು ಕಾಲುಭಾಗ ಹೆಚ್ಚು ತೂಗುತ್ತೇನೆ. ನನ್ನ ಜಾತಕದಲ್ಲಿ ನೆನಪಿಡಬೇಕಾದದ್ದು ಇದೊಂದೇ.

ಗುಡ್ಡದ ಬುಡದಲ್ಲಿ ಕೆಮ್ಮಣ್ಣಕುಂಟಿ ಎಂಬ ಊರು. ಅಲ್ಲಿಯ ಹನುಮಪ್ಪನ ಗುಡಿ ಮುಂದೆ ಗಂಡಸರು ಎತ್ತುವ ಒಂದು ಬಿಳಿಗುಂಡು ಇತ್ತು. ಅದು ಆರ್ಥೋಕ್ಲೇಸಿನದು, ನನಗೆ ದಾಯಾದಿ. ಪ್ರತಿ ವರ್ಷ ನಾಗರ ಪಂಚಮಿಗೆ ಅದನ್ನು ಹೆಗಲಿಗೇರಿಸಿ ಬೆನ್ನ ಹಿಂದಕ್ಕೆ ಒಗೆಯಬೇಕು. ತಲೆಮಾರುಗಳಿಂದ ಒಗೆಸಿಕೊಂಡು ಒಗೆಸಿಕೊಂಡು ಅದು ಒಂದು ಪಂಚಮಿಯಂದು ಎರಡು ಹೋಳಾಯಿತು. ಹೊಸ ಗುಂಡು ಮಾಡಿಕೊಡಲು ಕಲ್ಲು ಒಡೆಯುವ ಓಬಳೇಶಿಗೆ ಹೇಳಿದರು. ಅವನು ಹಳೆಯ ಹೋಳುಗಳನ್ನು ಜೋಡಿಸಿ, ಸುತ್ತಲೂ ಹಗ್ಗ ಹಿಡಿದು, ಅಳತೆಗೆ ಗಂಟು ಹಾಕಿಕೊಂಡು ಗುಡ್ಡಕ್ಕೆ ಬಂದ. ಬಿಳಿಯದು, ಬಿರುಕಿಲ್ಲದ್ದು ಅಂತ ನನ್ನನ್ನು ಆರಿಸಿದ.

ಉಳಿ ತಾಗಿದಾಗ ನಾನು ನನ್ನ ಜಾತಿಗೆ ತಕ್ಕ ಹಾಗೆ ಒಡೆದೆ. ನಾವು ಎರಡು ದಿಕ್ಕಿಗೆ ನುಣ್ಣಗೆ ಸೀಳುತ್ತೇವೆ, ಸೀಳುಗಳ ನಡುವೆ ಹೆಚ್ಚುಕಡಿಮೆ ಲಂಬಕೋನ. ಅಂಥ ಕಲ್ಲನ್ನು ದುಂಡಗೆ ಮಾಡುವುದು ಸುಲಭದ ಕೆಲಸವಲ್ಲ. ಓಬಳೇಶಿ ಬೈದುಕೊಳ್ಳುತ್ತ ದುಂಡಗೆ ಮಾಡಿದ. ಅವನ ಹಗ್ಗದ ಗಂಟು ನನ್ನ ಸುತ್ತ ಸರಿಯಾಗಿ ಬಂದು ಕೂತಿತು. ಆಮೇಲೆ ನಾಲ್ಕು ಮಂದಿ ನನ್ನನ್ನು ಟ್ರ್ಯಾಕ್ಟರಿಗೆ ಉರುಳಿಸುವಾಗ ಓಬಳೇಶಿ ಸೊಂಟ ಹಿಡಿದುಕೊಂಡ.

"ಯಾಕೋ ಜಡ ಅನಸ್ತೈತಿ ಪೂಜಾರಪ್ಪಾ," ಅಂದ.

ಪೂಜಾರಿ ಪಂಪಣ್ಣ ಅಲ್ಲೇ ನಿಂತಿದ್ದ. "ಈಗಷ್ಟೇ ನೆಲದಿಂದ ಎದ್ದೈತಿ, ಇನ್ನಾ ಹಸಿ ಕಲ್ಲು. ಬಿಸಿಲಿಗೆ ಬಿದ್ರ ಒಣಗಿ ಹಗುರಾಗ್ತೈತಿ," ಅಂದ.

ನನ್ನೊಳಗೆ ಒಣಗಲು ನೀರು ಎಲ್ಲಿತ್ತು? ಆದರೂ ಎಲ್ಲರೂ ತಲೆ ಆಡಿಸಿದರು. ಒಂದು ತಕ್ಕಡಿ ತಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹನುಮಪ್ಪನ ಗುಂಡನ್ನು ತಕ್ಕಡಿಗೆ ಏರಿಸುವುದು ಆ ಊರಿನಲ್ಲಿ ನಿಷೇಧ. ದೇವರನ್ನು ತೂಗಿದ ಹಾಗಂತೆ. ಪಂಚಮಿಗೆ ಮೊದಲು ಯಾರೂ ಎತ್ತಿ ನೋಡುವ ಹಾಗೂ ಇಲ್ಲ. ಒಂದು ಚೀಲ ಜೋಳದ ತೂಕ ಅಂತ ಹಳೆಯ ಗುಂಡಿಗೆ ಹೆಸರಿತ್ತು. ಆ ಹೆಸರನ್ನು ಹಾಗೇ ನನ್ನ ಮೇಲೆ ಹೊದಿಸಿದರು. ನಾನು ಒಂದೂಕಾಲು ಚೀಲ ಇದ್ದೆ.

ಗುಂಡು ಎತ್ತುವವನು ಗಾದಿಲಿಂಗ. ಮ್ಯಾಂಗನೀಸ್ ಗಣಿಯಲ್ಲಿ ಲಾರಿಗೆ ಅದಿರು ತುಂಬುವ ಆಳು. ಅಗಲವಾದ ಬೆನ್ನು, ಮಾತು ಕಡಿಮೆ. ಊರಲ್ಲಿ ಅವನಿಗೆ ಇದ್ದ ಮರ್ಯಾದೆಯೆಲ್ಲ ವರ್ಷಕ್ಕೊಮ್ಮೆ ಆ ಕಲ್ಲಿನಿಂದ ಬರುತ್ತಿತ್ತು. ಪಂಚಮಿಗೆ ಮುಂಚೆ ಒಂಬತ್ತು ದಿನ ಮೀಸಲು ಇರಬೇಕು: ಹೆಂಡ ಮುಟ್ಟಬಾರದು, ಹೆಂಡತಿಯ ಹತ್ತಿರ ಮಲಗಬಾರದು. ಅವನು ಗುಡಿಯ ಕಟ್ಟೆಯ ಮೇಲೆ ಮಲಗಿ ಅದನ್ನು ನಿಷ್ಠೆಯಿಂದ ಪಾಲಿಸುತ್ತಿದ್ದ. ಆದರೆ ಗುಂಡು ಎತ್ತುವವನ ಬಲದ ಬಗ್ಗೆ ಊರಿನವರದು ಇನ್ನೂ ಒಂದು ಮಾತಿತ್ತು. ಅವನ ಬಲದಲ್ಲಿ ಅರ್ಧ ಅವನ ಮೈಯಲ್ಲಿ, ಇನ್ನರ್ಧ ಮನೆಯಾಕೆಯ ನಡತೆಯಲ್ಲಿ ಅಂತ.

ಮನೆಯಾಕೆಯ ಹೆಸರು ಹುಲಿಗೆಮ್ಮ. ಗುಡಿಯ ಹಿಂದಿನ ಗೋಡೆಗೆ ಅಂಟಿಕೊಂಡೇ ಅವರ ಮನೆ. ಗಂಡ ಮೀಸಲಿದ್ದಾಗ ಅವಳೂ ಒಪ್ಪತ್ತು ಉಣ್ಣುತ್ತಿದ್ದಳು. ಅದನ್ನು ಯಾರೂ ಅವಳಿಗೆ ವಿಧಿಸಿರಲಿಲ್ಲ.

ಪಂಚಮಿ ಬಂತು. ಗಾದಿಲಿಂಗ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು ಕಣ್ಣಲ್ಲೇ ಅಳೆದ. ಅವನ ಕಣ್ಣು ಮೋಸಹೋಗುವಂಥದ್ದಲ್ಲ, ಆದರೆ ಅದು ಕಲಿತದ್ದೆಲ್ಲ ನನ್ನ ದಾಯಾದಿಯ ಲೆಕ್ಕ. ಎಷ್ಟು ಉಸಿರು ಬೇಕು, ಎಷ್ಟು ಬಿಗಿ ಬೇಕು ಅಂತ ಮೈ ಮೊದಲೇ ಸಜ್ಜುಮಾಡಿಕೊಂಡಿತ್ತು. ನನ್ನನ್ನು ತೊಡೆಗೆ ಎಳೆದುಕೊಂಡಾಗಲೇ ಅವನ ಮುಖ ಬದಲಾಯಿತು. ಬಿಟ್ಟುಬಿಡು ಅಂತ ನಾನು ಒಳಗೊಳಗೇ ಬೇಡಿಕೊಂಡೆ. ಅಷ್ಟು ಮಂದಿಯ ಎದುರಿಗೆ ಅವನು ಹೇಗೆ ಬಿಟ್ಟಾನು? ಎದೆಗೆ ತಂದ. ಹೆಗಲಿಗೆ ತರುವಾಗ ಅವನ ಸೊಂಟದಲ್ಲಿ ಏನೋ ಮುರಿದ ಸದ್ದು ನನಗೆ ಕೇಳಿಸಿತು. ಅವನು ಬಿದ್ದ. ನಾನು ಉರುಳಿ ಗುಡಿಯ ಮೆಟ್ಟಿಲಿಗೆ ಬಡಿದೆ. ನನ್ನ ಅಂಚಿನಿಂದ ಮುಷ್ಟಿಗಾತ್ರದ ಒಂದು ತುಂಡು ಹಾರಿ ಹುಲ್ಲಿನಲ್ಲಿ ಬಿತ್ತು.

ಹಾಗೆ ನಾನು ಎರಡಾದೆ. ಕಲ್ಲಿಗೆ ಅದರಿಂದ ಕಷ್ಟವೇನಿಲ್ಲ. ಎಷ್ಟು ಚೂರಾದರೂ ಪ್ರತಿ ಚೂರಿನಲ್ಲೂ ನಾವು ಪೂರ್ತಿ ಇರುತ್ತೇವೆ. ಮನುಷ್ಯರಿಗೆ ಆ ಅನುಕೂಲವಿಲ್ಲ ಅನ್ನುವುದನ್ನು ಆಮೇಲಿನ ದಿನಗಳಲ್ಲಿ ಕಂಡೆ.

ಇನ್ನೊಬ್ಬ ಯಾರಾದರೂ ಎತ್ತಿ ನೋಡಿದ್ದರೆ ಆಗಲೂ ಸತ್ಯ ಹೊರಬೀಳುತ್ತಿತ್ತು. ಆದರೆ ಆಳು ಬಿದ್ದ ಗುಂಡು ಮೈಲಿಗೆ ಅಂತ ಹಾರೆ ಹಾಕಿ ನನ್ನನ್ನು ಗುಡಿಯ ಹಿಂದಕ್ಕೆ, ಹುಲಿಗೆಮ್ಮನ ಹಿತ್ತಲ ಗೋಡೆಯ ಪಕ್ಕಕ್ಕೆ ತಳ್ಳಿದರು.

"ಮೀಸಲು ಮುರದಿ ಏನಪಾ?" ಅಂತ ಪಂಪಣ್ಣ ಮನೆಗೆ ಬಂದು ಕೇಳಿದ.

"ಹನುಮಪ್ಪನ ಆಣಿ, ಮುರದಿಲ್ಲ," ಅಂದ ಗಾದಿಲಿಂಗ. ಅವನು ಹೊರಸಿನ ಮೇಲೆ ಅಂಗಾತ ಬಿದ್ದಿದ್ದ.

"ಮತ್ತ ನಿನ್ನ ಕಡಿಂದ ಇಲ್ಲ ಅಂದ್ರ..." ಅಂದು ಪಂಪಣ್ಣ ಅಡುಗೆಮನೆಯ ಕಡೆ ನೋಡಿದ.

ಅಷ್ಟು ಸಾಕಾಯಿತು. ಊರಿನವರು ಉಳಿದದ್ದನ್ನು ತಾವೇ ಹೊಂದಿಸಿಕೊಂಡರು. ಯಾವಾಗಲೋ ಒಬ್ಬ ಲಾರಿ ಡ್ರೈವರು ನೀರು ಕೇಳಿದ್ದ, ಅವಳು ಒಂದು ತಂಬಿಗೆ ನೀರು ಕೊಟ್ಟಿದ್ದಳು. ನೀರಿನ ತಂಬಿಗೆಯಿಂದ ಒಂದು ದೊಡ್ಡ ಕತೆಯೇ ಹೊರಟಿತು. ಕಲ್ಲು ಸುಳ್ಳು ಹೇಳೋದಿಲ್ಲ ಅಂತ ನನ್ನನ್ನೇ ಸಾಕ್ಷಿ ಮಾಡಿದರು. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಏನೂ ಹೇಳಿಯೇ ಇರಲಿಲ್ಲವಲ್ಲ.

ಊರಿನ ಮಾತನ್ನು ಹುಲಿಗೆಮ್ಮ ತಡೆದುಕೊಂಡಳು. ಗಂಡನನ್ನು ಎತ್ತಿ ಕೂರಿಸಿ, ಮೈ ಒರೆಸಿ, ಮಗ್ಗುಲು ಹೊರಳಿಸಿ, ಗಣಿ ಕೆಲಸಕ್ಕೂ ತಾನೇ ಹೋಗತೊಡಗಿದಳು. ಆದರೆ ಬಿದ್ದವನ ತಲೆ ಬೇರೆ ದಾರಿ ಹಿಡಿದಿತ್ತು. ತಾನು ಮೀಸಲು ಮುರಿದಿಲ್ಲ ಅನ್ನುವುದು ಅವನಿಗೆ ಖಾತ್ರಿ. ಗುಂಡು ಅದೇ ಅಳತೆಯದು ಅನ್ನುವುದೂ ಖಾತ್ರಿ, ಓಬಳೇಶಿಯ ಹಗ್ಗವನ್ನು ಅವನೇ ನೋಡಿದ್ದ. ಹಾಗಾದರೆ ತಪ್ಪಬೇಕಾದದ್ದು ಇನ್ನೇನು ಉಳಿಯಿತು? ಇಷ್ಟು ನೇರವಾಗಿ ಯೋಚಿಸಿಯೂ ಮನುಷ್ಯ ಇಷ್ಟು ತಪ್ಪಬಹುದು ಅಂತ ನನಗೆ ಗೊತ್ತಿರಲಿಲ್ಲ.

ಅವನು ಬಡಿಯಲಿಲ್ಲ, ಬೈಯಲಿಲ್ಲ. ಕೇಳುತ್ತಿದ್ದ. ಉಣಿಸುವಾಗ ಕೇಳುತ್ತಿದ್ದ, ಮೈ ಒರೆಸುವಾಗ ಕೇಳುತ್ತಿದ್ದ.

"ಖರೇ ಹೇಳಿಬಿಡು. ನಾ ಏನೂ ಅನ್ನಂಗಿಲ್ಲ."

"ಏನಂತ ಹೇಳ್ಲಿ? ಏನಾರ ಇದ್ರ ತಾನ ಹೇಳೋದು."

"ಮತ್ತ ಗುಂಡು ಯಾಕ ಏಳ್ಲಿಲ್ಲ?"

ಆ ಪ್ರಶ್ನೆಗೆ ಉತ್ತರವಾದ ನಾನು ಗೋಡೆಯ ಈಚೆ ಬಿದ್ದಿದ್ದೆ. ಒಂದು ಮಧ್ಯಾಹ್ನ ಅವಳು ಹಿತ್ತಲಿಗೆ ಬಂದು ನನ್ನ ಮುಂದೆ ಕೂತಳು. ಎರಡೂ ಕೈಯಿಂದ ನನ್ನನ್ನು ತಬ್ಬಿ ಅಲ್ಲಾಡಿಸಲು ನೋಡಿದಳು. ನಾನು ಕದಲಲಿಲ್ಲ. "ನೀನರ ಹೇಳು," ಅಂದಳು. ಸಮುದ್ರದ ತಳದಿಂದ ಇಲ್ಲಿಯವರೆಗೆ ಬಾಯಿ ಬೇಕು ಅಂತ ನನಗೆ ಅನಿಸಿದ್ದು ಅದೊಂದೇ ಸಲ. ಅವಳು ಸ್ವಲ್ಪ ಹೊತ್ತು ಕಾದು, ಸೆರಗು ಕೊಡವಿ ಎದ್ದು ಹೋದಳು.

ಗಾದಿಲಿಂಗ ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುವ ಹಾಗಾದ ದಿನ ಅವಳಿಗೆ, "ಇನ್ನ ನೀ ಹೋಗು," ಅಂದ. ಅವನು ಕಾಲ ಮೇಲೆ ನಿಲ್ಲುವವರೆಗೆ ಅವಳ ಕೈ ಬೇಕಿತ್ತು ಅನ್ನುವುದು ಆಗ ನನಗೆ ಅರ್ಥವಾಯಿತು. ಅವಳಿಗೂ ಅರ್ಥವಾಗಿರಬೇಕು. ಒಂದು ಚೀಲದಲ್ಲಿ ಎರಡು ಸೀರೆ ತುರುಕಿಕೊಂಡು ಹಿತ್ತಲ ಬಾಗಿಲಿನಿಂದಲೇ ಹೊರಟಳು. ತವರಿನಲ್ಲೂ ಬಹಳ ದಿನ ಇಟ್ಟುಕೊಳ್ಳಲಿಲ್ಲ, ಹೊಸಪೇಟೆಯ ಕಡೆ ಕಟ್ಟಡದ ಕೂಲಿಗೆ ಹೋದಳು ಅಂತ ಆಮೇಲೆ ನೀರಿಗೆ ಬಂದ ಹೆಂಗಸರು ಮಾತಾಡಿಕೊಂಡರು.

ಕೆಲವು ವರ್ಷ ಹಾಗೇ ಕಳೆದವು. ನನ್ನ ಮೇಲೆ ಪಾಚಿ ಬೆಳೆಯಿತು, ನಾಯಿಗಳು ಕಾಲೆತ್ತಿದವು.

ಒಂದು ಬೆಳಿಗ್ಗೆ ಕಾಲೇಜಿನ ಭೂವಿಜ್ಞಾನದ ಮೇಡಂ ಮೆಹರುನ್ನಿಸಾ ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಮ್ಯಾಂಗನೀಸ್ ಪದರ ನೋಡಲು ಬಂದರು. ಗುಡಿಯ ನೆರಳಿಗೆ ಕೂತಾಗ ಹುಲ್ಲಿನಲ್ಲಿದ್ದ ನನ್ನ ತುಂಡನ್ನು ಸುಮ್ಮನೆ ಕೈಗೆತ್ತಿಕೊಂಡರು. ಕೆಳಗಿಟ್ಟು, ಮತ್ತೆ ಎತ್ತಿಕೊಂಡರು. "ಬಿಳಿಕಲ್ಲು ಇಷ್ಟು ಭಾರ ಇರಲ್ಲ," ಅಂದು ಚೀಲಕ್ಕೆ ಹಾಕಿಕೊಂಡರು.

ಕಾಲೇಜಿನಲ್ಲಿ ನನ್ನ ತುಂಡಿಗೆ ಎಲ್ಲ ಪರೀಕ್ಷೆಗಳೂ ನಡೆದವು. ಭಾರವಿದೆಯೆಂದು ಮೊದಲು ಬೆರೈಟ್ ಎಂಬ ಇನ್ನೊಂದು ಭಾರದ ಕಲ್ಲು ಅಂದುಕೊಂಡರು. ಬೆರೈಟ್ ಮೆತ್ತಗಿನದು, ಚಾಕು ಎಳೆದರೆ ಗೀರು ಬೀಳುತ್ತದೆ. ನನ್ನ ಮೇಲೆ ಬೀಳಲಿಲ್ಲ, ನಾನೇ ಗಾಜಿನ ಮೇಲೆ ಗೀರಿದೆ. ಸೀಳು ನೋಡಿದರು, ಫೆಲ್ಡ್‌ಸ್ಪಾರಿನದೇ. ದಾರ ಕಟ್ಟಿ ಗಾಳಿಯಲ್ಲಿ ಒಮ್ಮೆ, ನೀರಿನಲ್ಲಿ ಮುಳುಗಿಸಿ ಒಮ್ಮೆ ತೂಗಿದರು. ಮಾಮೂಲಿ ಫೆಲ್ಡ್‌ಸ್ಪಾರ್ ಅಷ್ಟೇ ಗಾತ್ರದ ನೀರಿನ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು ತೂಗುತ್ತದೆ. ನಾನು ಮೂರೂಕಾಲು ಪಟ್ಟು ತೂಗಿದೆ. ಕಡೆಗೆ ಚೂರು ಪುಡಿಮಾಡಿ ಎಕ್ಸ್‌-ರೇ ಯಂತ್ರಕ್ಕೆ ಕೊಟ್ಟಾಗ ನನ್ನ ಹೆಸರು ಹೊರಗೆ ಬಂತು: ಸೆಲ್ಸಿಯನ್. ಬೇರಿಯಂ ಫೆಲ್ಡ್‌ಸ್ಪಾರ್, ಅಪರೂಪದ್ದು. ಶಾಖ ಅಳೆಯುವ ಡಿಗ್ರಿಗೆ ಹೆಸರು ಕೊಟ್ಟ ಸ್ವೀಡನ್ನಿನ ಪಂಡಿತನ ನೆನಪಿಗೆ ಇಟ್ಟ ಹೆಸರಂತೆ. ನನ್ನಲ್ಲಿ ಗಮನಿಸಬೇಕಾದದ್ದು ಭಾರ, ಹೆಸರು ಬಂದದ್ದು ಶಾಖದವನಿಂದ.

ಮೇಡಂ ಮತ್ತೆ ಊರಿಗೆ ಬಂದು ಗುಡಿಯ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಬಿಡಿಸಿ ಹೇಳಿದರು. ಪಂಪಣ್ಣನಿಗೆ ಬಹಳ ಖುಷಿಯಾಯಿತು.

"ನೋಡ್ರಪಾ, ನಮ್ಮ ಹನುಮಪ್ಪ ಸಾದಾ ಕಲ್ಲು ಆರಿಸ್ಯಾನೇನು?" ಅಂದ.

ನನ್ನನ್ನು ತೊಳೆದು, ಕುಂಕುಮ ಹಚ್ಚಿ, ಮತ್ತೆ ಗುಡಿಯ ಮುಂದೆ ತಂದಿಟ್ಟರು. ಒಂದು ಬೋರ್ಡನ್ನೂ ಬರೆಸಿದರು. ಎತ್ತಲು ಸಿಮೆಂಟಿನ ಗುಂಡು ಎರಕ ಹಾಕಿಸುವ ಮಾತಾಯಿತು. ಅಷ್ಟೂ ಹೊತ್ತಿನಲ್ಲಿ ಒಬ್ಬರ ಬಾಯಲ್ಲೂ ಹುಲಿಗೆಮ್ಮನ ಹೆಸರು ಬರಲಿಲ್ಲ.

ಕಟ್ಟೆಯ ತುದಿಯಲ್ಲಿ ಕೋಲು ಊರಿ ನಿಂತಿದ್ದ ಗಾದಿಲಿಂಗ ಮಾತ್ರ ಕೇಳಿದ. "ಹಳೇ ಗುಂಡಿಗಿಂತ ಇದು ಎಷ್ಟು ಜಾಸ್ತಿ ಐತ್ರಿ ಮೇಡಂ?"

"ಕಾಲುಭಾಗ. ಹಳೇದು ಒಂದು ಚೀಲ ಅಂದ್ರೆ ಇದು ಒಂದೂಕಾಲು ಚೀಲ. ನೋಡಿ ಯಾರಿಗೂ ಗೊತ್ತಾಗಲ್ಲ."

ಅವನು ಕೂತುಬಿಟ್ಟ. ಆಮೇಲೆ, "ಆ ತುಂಡು ನನಗ ಕೊಡ್ರಿ. ಒಬ್ರಿಗೆ ತೋರ್ಸೋದೈತಿ," ಅಂದ. ಮೇಡಂ ಕೊಟ್ಟರು.

ತುಂಡಾದ ನನ್ನನ್ನು ಟವೆಲಿನಲ್ಲಿ ಕಟ್ಟಿಕೊಂಡು ಅವನು ಬಸ್ಸು ಹತ್ತಿದ. ದಾರಿಯುದ್ದಕ್ಕೂ ಒಂದು ಕೈ ನನ್ನ ಮೇಲೇ ಇತ್ತು. ಅಲ್ಲಿ ಇಲ್ಲಿ ಕೇಳಿಕೊಂಡು ಹೋದಾಗ ಹೊಸಪೇಟೆಯ ಹೊರಗೆ, ಅರ್ಧ ಎದ್ದ ಒಂದು ಕಟ್ಟಡದ ಮುಂದೆ ಹುಲಿಗೆಮ್ಮ ಜಲ್ಲಿ ತುಂಬುತ್ತಿದ್ದಳು. ಮೈ ಬತ್ತಿತ್ತು, ಕೂದಲಿಗೆ ಸಿಮೆಂಟಿನ ಧೂಳು ಕೂತಿತ್ತು. ಅವನನ್ನು ಕಂಡು ಸಲಿಕೆ ಕೆಳಗಿಟ್ಟಳು. ಅವನು ಗಂಟು ಬಿಚ್ಚಿ ನನ್ನನ್ನು ಮುಂದೆ ಹಿಡಿದ.

"ಕಲ್ಲಿಂದು ತಪ್ಪು ಐತಿ. ನಿಂದಲ್ಲ. ಕಾಲೇಜಿನ ಮೇಡಂ ತೂಗಿ ನೋಡ್ಯಾರ. ನಡಿ, ಮನಿಗೆ ಹೋಗೂಣು."

ಅವಳು ನನ್ನನ್ನು ತೆಗೆದುಕೊಂಡು ಅಂಗೈಯಲ್ಲಿ ತೂಗಿದಳು. ನನ್ನ ಭಾರ ಅವಳಿಗೆ ತಿಳಿಯಿತು. ಮುಖದಲ್ಲಿ ಏನೂ ಬದಲಾಗಲಿಲ್ಲ.

"ಮೇಡಂ ತೂಗಿದಾಗ ಇದು ಬರೇ ಬಿಳಿಕಲ್ಲು ಅಂತ ಬಂದಿದ್ರ?" ಅಂದಳು.

"ಏನಂದಿ?" ಅಂದ ಅವನು.

"ಹಳೇ ಗುಂಡಿನಷ್ಟ ತೂಕ ಅಂತ ಬಂದಿದ್ರ, ಇವತ್ತು ನೀ ಇಲ್ಲಿಗೆ ಬರ್ತಿದ್ದಿ ಏನು?"

ಗಾದಿಲಿಂಗ ನೆಲ ನೋಡಿದ. ಹೂಂ ಅನ್ನಲು ಬಾಯಿ ತೆರೆದ, ಆದರೆ ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ. ಮೇಲಿನಿಂದ ಮೇಸ್ತ್ರಿ "ಹುಲಿಗೆವ್ವಾ, ಮಾಲು" ಅಂತ ಕೂಗಿದ.

"ಕೋಲು ಊರಿಕೊಂಡು ಸಾವಕಾಶ ಹೋಗು. ರಸ್ತೆದಾಗ ಲಾರಿ ಬಾಳ," ಅಂದಳು.

ಆಮೇಲೆ ನನ್ನನ್ನು ಜಲ್ಲಿಯ ಬುಟ್ಟಿಯೊಳಗೆ ಹಾಕಿ, ತಲೆಯ ಮೇಲಿನ ಸಿಂಬೆ ಸರಿಮಾಡಿಕೊಂಡು, ಒಂದೇ ಉಸಿರಿಗೆ ಬುಟ್ಟಿ ಎತ್ತಿ ಹಲಗೆಯ ದಾರಿ ಹತ್ತಿದಳು. ಹಿಂದಿರುಗಿ ನೋಡಲಿಲ್ಲ. ನಾನು ಮಾತ್ರ ಜಲ್ಲಿಯ ಸಂದಿಯಿಂದ ಅವನನ್ನು ನೋಡುತ್ತಿದ್ದೆ. ಟವೆಲು ಕೈಯಲ್ಲಿ ಹಿಡಿದುಕೊಂಡು ಅವನು ಬಿಸಿಲಲ್ಲಿ ನಿಂತೇ ಇದ್ದ.

ಈಗ ನಾನು ಯಾರದೋ ಮನೆಯ ಮೂರನೇ ಮಹಡಿಯ ಕಾಂಕ್ರೀಟಿನೊಳಗಿದ್ದೇನೆ. ಮುದಿತನಕ್ಕೆ ಕೆಟ್ಟ ಜಾಗವಲ್ಲ. ಮೇಲೆ ಒಂದು ಸಂಸಾರ ಓಡಾಡುತ್ತದೆ, ಹೆಂಗಸಿನ ಹೆಜ್ಜೆ ಯಾವುದು, ಗಂಡಸಿನದು ಯಾವುದು ಅಂತ ತೂಕದಲ್ಲೇ ತಿಳಿಯುತ್ತದೆ. ಕೆಲವೊಮ್ಮೆ ಗಂಡಸಿನ ಹೆಜ್ಜೆ ಒಂದೇ ಕಡೆ ನಿಂತು, ಅವನ ದನಿ ಕೇಳಿಸುತ್ತದೆ. ಅವನು ಏನನ್ನೋ ಮತ್ತೆ ಮತ್ತೆ ಕೇಳುತ್ತಾನೆ, ಅವಳು ಇಲ್ಲ ಅನ್ನುತ್ತಾಳೆ. ಅವಳನ್ನು ನಂಬು ಮಾರಾಯ ಅಂತ ನಾನು ಕೆಳಗಿನಿಂದ ಹೇಳುತ್ತಲೇ ಇರುತ್ತೇನೆ.