ಸಂಘಮಿತ್ರಾ ಮೇಡಂ ಅವರ ಮುಸ್ಸಂಜೆಯ ಅತ್ತರು

ಸಂಘಮಿತ್ರಾ ಮೇಡಂ ಬರುವುದಕ್ಕಿಂತ ಎರಡು ನಿಮಿಷ ಮೊದಲು ಅವರ ಅತ್ತರು ಬರುತ್ತಿತ್ತು. ದೇವದುರ್ಗದ ಆ ಬಾಲಕಿಯರ ಹಾಸ್ಟೆಲಿನಲ್ಲಿ ಸಂಜೆ ಏಳು ಬಡಿಯಿತೆಂದರೆ ಕೇದಗೆ, ಲವಂಗ, ಊದು ಮೂರೂ ಒಂದೇ ಶೀಸೆಯೊಳಗೆ ಜಗಳವಾಡಿ ರಾಜಿಯಾದಂಥ ಗಂಭೀರ ಪರಿಮಳವೊಂದು ಮೆಟ್ಟಿಲೇರಿ, ಮೇಲಿನ ಪಡಸಾಲೆ ದಾಟಿ, ಹುಡುಗಿಯರ ಮೂಗು ಮುಟ್ಟುತ್ತಿತ್ತು. ವಾರ್ಡನ್ ಮೇಡಂ ಇನ್ನೂ ಮೆಟ್ಟಿಲ ಬುಡದಲ್ಲೇ ನಿಂತು, ಸರಿಯಾಗಿಯೇ ಇದ್ದ ಸೆರಗನ್ನು ಮತ್ತೆ ಮತ್ತೆ ಸರಿಪಡಿಸಿಕೊಳ್ಳುತ್ತಿರುತ್ತಿದ್ದರು. ಅಷ್ಟರಲ್ಲಿ ಮೇಲೆ ಜಡೆ ಎಳೆದಾಡುತ್ತಿದ್ದವರು ರಸಾಯನಶಾಸ್ತ್ರದಲ್ಲಿ ಮುಳುಗಿರುತ್ತಿದ್ದರು, ಮಂಚದ ಮೇಲೆ ಕುಣಿಯುತ್ತಿದ್ದವಳು ಅದೇ ಮಂಚದ ಹಾಸಿಗೆ ಝಾಡಿಸುತ್ತಿರುತ್ತಿದ್ದಳು. ಒಂಬತ್ತು ವರ್ಷಗಳಲ್ಲಿ ಮೇಡಂ ಒಬ್ಬ ಹುಡುಗಿಯನ್ನೂ ತಪ್ಪಿನಲ್ಲಿ ಹಿಡಿದದ್ದಿಲ್ಲ.

ಈ ವಿನೋದವನ್ನು ಮೆಟ್ಟಿಲ ಪಕ್ಕದ ಅಡುಗೆಮನೆಯಿಂದ ದಿನಾಲೂ ನೋಡುತ್ತಿದ್ದವಳು ಅನ್ನಮ್ಮ, ಹಾಸ್ಟೆಲಿನ ಅಡುಗೆಯವಳು. ಮೇಡಂ ಎಂದರೆ ಅವಳಿಗೆ ಗೌರವವಿತ್ತು, ಜೊತೆಗೆ ತುಸು ಕನಿಕರವೂ ಇತ್ತು. ಹುಲಿ ಕೊರಳಿಗೆ ಗಂಟೆ ಕಟ್ಟಿಕೊಂಡು ಬೇಟೆಗೆ ಹೊರಟ ಹಾಗಾಯಿತಲ್ಲ ಇವರ ಬಾಳು ಎಂದು ರೊಟ್ಟಿ ಬಡಿಯುತ್ತ ನಗುತ್ತಿದ್ದಳು. ಹೇಳಿಬಿಡಲೇ ಎಂದು ಎಷ್ಟೋ ಸಲ ಅನಿಸಿದ್ದುಂಟು. ಆದರೆ ಹುಡುಗಿಯರು ಕದ್ದಿಟ್ಟುಕೊಂಡಿದ್ದ ಫೋನಿಗೆ ಚಾರ್ಜು ಆಗುತ್ತಿದ್ದುದು ಅವಳದೇ ಹಿಟ್ಟಿನ ಡಬ್ಬಿಯ ಹಿಂದೆ. ಹೀಗಿರುವಾಗ ಹೇಳುವ ಬಾಯಿ ಎಲ್ಲಿಂದ ಬರಬೇಕು? ಓದಿದವರಿಗೆ ಬುದ್ಧಿ ಇರುತ್ತದೆ, ಮೂಗು ಇರುವುದಿಲ್ಲ ಎಂದು ತೀರ್ಮಾನಿಸಿ ಸುಮ್ಮನಾಗಿದ್ದಳು.

ಮೇಡಂ ಅವರನ್ನು ಹಗಲು ನೋಡಿದವರಿಗೆ ಅತ್ತರಿನ ಸುಳಿವೇ ಸಿಗುತ್ತಿರಲಿಲ್ಲ. ಮಾನ್ವಿಯ ಕೂಲಿ ಮನೆತನದಲ್ಲಿ ಮೊದಲು ಎಂ.ಎ. ಮಾಡಿದವರು, ಗಂಜಿ ಹಾಕಿದ ಕಾಟನ್ ಸೀರೆ, ಗಂಡಸರ ಕೈಗಡಿಯಾರ, ನೆಲಕ್ಕೆ ಏನೋ ಬಾಕಿ ಹೇಳುವುದಿದೆ ಎಂಬಂತೆ ಹಿಮ್ಮಡಿ ಊರಿ ಇಡುವ ಹೆಜ್ಜೆ. ಪ್ರತಿ ಮಾತಿನ ಕೊನೆಗೆ ‘ತಿಳೀತಾ?’ ಎಂದು ಕೇಳುತ್ತಿದ್ದರು, ಎದುರಿನವರು ಬಾಯಿ ತೆರೆಯುವ ಮೊದಲೇ ‘ತಿಳೀತು’ ಎಂದು ತಾವೇ ಉತ್ತರಿಸಿಕೊಂಡು ಮುಂದಿನ ಮಾತಿಗೆ ಹೋಗುತ್ತಿದ್ದರು. ಹೀಗಾಗಿ ಅವರೊಂದಿಗೆ ವಾದ ಮಾಡಿ ಗೆದ್ದವರು ತಾಲೂಕಿನಲ್ಲೇ ಇರಲಿಲ್ಲ.

ಆ ಅತ್ತರು ಬರುತ್ತಿದ್ದುದು ರಾಯಚೂರಿನಿಂದ. ಪಾತ್ರೆ ಖರೀದಿಗೆಂದು ಒಮ್ಮೆ ಜೊತೆಯಲ್ಲಿ ಹೋದ ಅನ್ನಮ್ಮ ತೀನ್ ಕಂದೀಲ್ ವೃತ್ತದ ಹತ್ತಿರದ ಸಂದಿಯಲ್ಲಿದ್ದ ಆ ಅಂಗಡಿಯನ್ನು ಕಣ್ಣಾರೆ ಕಂಡಿದ್ದಳು. ಮುದುಕ ಸಾಹೇಬರು ಗಿರಾಕಿಗಳಿಗೆ ಏನು ಬೇಕೆಂದು ಕೇಳುವವರೇ ಅಲ್ಲ. ಬಾಗಿಲಿನಿಂದ ಗಲ್ಲೆಯವರೆಗೆ ನಡೆದು ಬರುವುದನ್ನು ನೋಡಿಯೇ ಶೀಸೆ ಆರಿಸುವವರು. ಹಿಂದೆ ತಿರುಗಿ ನೋಡುತ್ತ ಬರುವವರಿಗೆ ಗುಲಾಬಿ, ಅವಸರದವರಿಗೆ ಲಾವಂಚದ ಖಸ್, ನಾಚುವವರಿಗೆ ಮಲ್ಲಿಗೆ. ಮೇಡಂ ಅವರ ಹಿಮ್ಮಡಿಯ ಸದ್ದು ಕೇಳಿದ್ದೇ ಕಪಾಟಿನ ಮೂಲೆಯಿಂದ ಕಪ್ಪು ಶೀಸೆಯೊಂದನ್ನು ತೆಗೆದಿಟ್ಟರು.

“ಇದು ಮುಸ್ಸಂಜಿದು ಅಮ್ಮಾ. ಮೆತ್ತಗಿನ ಹೆಣ್ಮಕ್ಕಳಿಗೆ ಆಗಿಬರಂಗಿಲ್ಲ, ತಲಿ ತಿರುಗಿ ಬೀಳ್ತಾರ. ಬಾಯಿ ತೆಗಿಯೂದ್ರಾಗ ಹೆದರಸೋರಿಗೆ ಇದು.”

ಅನ್ನಮ್ಮನೂ ಆಸೆಯಿಂದ ನಾಲ್ಕು ಹೆಜ್ಜೆ ನಡೆದು ತೋರಿಸಿದಳು. ಸಾಹೇಬರು ಮೂಗರಳಿಸಿ, ಈಕೆಯಲ್ಲಿ ಆಗಲೇ ಒಗ್ಗರಣೆಯ ವಾಸನೆ ಇದೆ, ಅದಕ್ಕಿಂತ ಒಳ್ಳೆಯದು ತಮ್ಮಲ್ಲಿಲ್ಲ ಎಂದರು. ಎರಡು ದಿನ ಅವಳು ಮುಖ ಊದಿಸಿಕೊಂಡೇ ಸಾರು ಮಾಡಿದಳು.

ಪಿಯುಸಿ ಪರೀಕ್ಷೆಗೆ ಹದಿನೈದು ದಿನವಿರುವಾಗ ಹಾಸ್ಟೆಲಿನಲ್ಲಿ ಫೋನಿದೆ ಎಂದು ಯಾರೋ ಇಲಾಖೆಗೆ ಹೆಸರಿಲ್ಲದ ಪತ್ರ ಬರೆದರು. ಫೋನು ಇದ್ದದ್ದು ನಿಜ. ಹನ್ನೊಂದು ಹುಡುಗಿಯರಿಗೆ ಸೇರಿ ಒಂದು. ದುಡಿಯಲು ದೂರದೂರಿಗೆ ಹೋದ ತಾಯಂದಿರ ಜೊತೆ ಸರದಿಯ ಮೇಲೆ ಮಾತಾಡಲು ಅದನ್ನಿಟ್ಟುಕೊಂಡಿದ್ದರು. ಪತ್ರ ಮುಟ್ಟಿದ ದಿನದ ಸರದಿ ಅರಕೇರಾದ ಸವಿತಾಳದು, ಫೋನು ಅವಳ ತಲೆದಿಂಬಿನ ಕೆಳಗಿತ್ತು. ಆ ಸಂಜೆಯೇ ತಪಾಸಣೆಗೆ ಜಗದೀಶ ಎಂಬ ಅಧಿಕಾರಿ ಬಂದಿಳಿದರು. ಅವರ ಹಿಂದೆ, ಸುದ್ದಿ ಕೇಳಿ ಓಡಿಬಂದ ಸವಿತಾಳ ಅಪ್ಪ ಮಾರೆಪ್ಪ. ಫೋನೆಂದರೆ ಹುಡುಗರು, ಹುಡುಗರೆಂದರೆ ಮಾನಗೇಡು, ಇದು ಮಾರೆಪ್ಪನ ಅಚಲ ಸಿದ್ಧಾಂತ.

“ಫೋನ್ ಸಿಕ್ತಂದ್ರ ಟ್ರಂಕು ಹೊತ್ತು ಈಗ ಕರಕೊಂಡು ಹೋಗ್ತೀನ್ರಿ. ಓದಿದ್ದು ಸಾಕು,” ಎಂದ.

ಅಧಿಕಾರಿಗಳು ಎಲ್ಲರ ಚಪ್ಪಲಿ ಬಿಡಿಸಿದರು, ಸದ್ದಿಲ್ಲದೆ ಹತ್ತಬೇಕೆಂದು ಅಪ್ಪಣೆ ಮಾಡಿದರು. ಮೇಡಂ ವಿಧೇಯರಾಗಿ ಚಪ್ಪಲಿ ಬಿಟ್ಟು, ಬೀಗದ ಕೈ ತರುತ್ತೇನೆಂದು ಒಳಗೆ ಹೋದರು. ಮರುಕ್ಷಣ ಅಡುಗೆಮನೆಯ ಹಿಂಬಾಗಿಲಲ್ಲಿ ಪ್ರತ್ಯಕ್ಷರಾದರು. ಕೈಯಲ್ಲಿ ಕಪ್ಪು ಶೀಸೆ; ಅದು ಖಾಲಿ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವರ ಮುಖದಲ್ಲಿ ಭಯ ಕಂಡಿತು.

“ಅನ್ನಮ್ಮಕ್ಕಾ, ತುಸು ಬಿಸಿನೀರು ಕೊಡ್ರಿ.”

ಶೀಸೆಯನ್ನು ಬಿಸಿನೀರಲ್ಲಿ ಗಲಬರಿಸಿ ಸೆರಗಿನ ಮೇಲೆ ಸುರಿದುಕೊಂಡರು. ಗಂಜಿಯ ವಾಸನೆ ಬಂತೇ ಹೊರತು ಅತ್ತರಿನದು ಬರಲಿಲ್ಲ. ಸೌಟು ಹಿಡಿದ ಅನ್ನಮ್ಮ ನಿಂತಲ್ಲೇ ನಿಂತಳು. ಮೆಟ್ಟಿಲ ಬುಡದಲ್ಲಿ ದಿನಾಲೂ ಎರಡು ನಿಮಿಷ ಸರಿಯಾಗದೆ ಉಳಿಯುತ್ತಿದ್ದ ಆ ಸೆರಗು ಅವಳಿಗೆ ಈಗ ಅರ್ಥವಾಯಿತು.

“ನಿಮಗ ಎಲ್ಲಾ ಗೊತ್ತಿತ್ತೇನ್ರಿ ಮೇಡಂ?”

“ನಮ್ಮ ಅಜ್ಜ ಮನಿಯೊಳಗ ಬರೂ ಮೊದಲು ಹೊಸ್ತಿಲ ಹೊರಗ ನಿಂತು ಕೆಮ್ಮತಿದ್ದ. ಒಳಗಿನ ಹೆಣ್ಮಕ್ಕಳು ಸೆರಗು ಸರಿ ಮಾಡಿಕೊಳ್ಳಲಿ ಅಂತ. ನಾ ದಿನಾ ಎಲ್ಲಿ ಕೆಮ್ಮಲಿ? ತಿಳೀತಾ?”

ಅಂದು ಮಾತ್ರ ಅವರು ತಾವೇ ಉತ್ತರಿಸಿಕೊಳ್ಳಲಿಲ್ಲ.

“ತಿಳೀತ್ರಿ. ನೀವು ಹೋಗ್ರಿ,” ಎಂದಳು ಅನ್ನಮ್ಮ.

ಸಾರಿನ ಒಗ್ಗರಣೆಗಿಟ್ಟ ಎಣ್ಣೆ ಒಲೆಯ ಮೇಲೆ ಹೊಗೆಯಾಡುತ್ತಿತ್ತು. ಮೇಡಂ ಹೊರಗೆ ಹೋಗಿ ಅಧಿಕಾರಿಗಳ ಹಿಂದೆ ಮೆಟ್ಟಿಲು ಹತ್ತತೊಡಗಿದ್ದೇ ತಡ, ಎರಡು ಹಿಡಿ ಗುಂಟೂರು ಮೆಣಸಿನಕಾಯಿಯನ್ನು ಅನ್ನಮ್ಮ ಎಣ್ಣೆಗೆ ಸುರಿದಳು. ಬಾಗಿಲನ್ನು ಪೂರ್ತಿ ತೆರೆದಿಟ್ಟಳು. ಘಾಟು ಮೂವರನ್ನೂ ನಾಲ್ಕನೆಯ ಮೆಟ್ಟಿಲಲ್ಲಿ ಹಿಡಿಯಿತು. ಅಧಿಕಾರಿಗಳು ಇಲಾಖೆಯ ಗಾಂಭೀರ್ಯವನ್ನೆಲ್ಲ ಕೂಡಿಸಿ ತಡೆದುಕೊಂಡು, ತಡೆಯಲಾರದೆ, ಹಿತ್ತಲ ನಾಯಿಗಳು ಬೊಗಳುವಂತೆ ಸೀನಿದರು. ಮಾರೆಪ್ಪನಂತೂ ಕಂಬ ಹಿಡಿದುಕೊಂಡು ಕೆಮ್ಮಿದ. ಹುಡುಗಿಯರ ಕೋಣೆಯ ಬಾಗಿಲವರೆಗೂ ಕೆಮ್ಮುತ್ತಲೇ ಹೋದ. ಹೀಗೆ ಹಿರಿಯನೊಬ್ಬ ಹೊಸ್ತಿಲ ಹೊರಗೆ ಕೆಮ್ಮಿಯೇ ಒಳಗೆ ಕಾಲಿಟ್ಟ ಹಾಗಾಯಿತು.

ಒಳಗೆ ಹನ್ನೊಂದು ಹುಡುಗಿಯರು ಹನ್ನೊಂದು ಪುಸ್ತಕ ಹಿಡಿದು ಕೂತಿದ್ದರು. ಘಾಟು ಅಲ್ಲಿಗೂ ಮುಟ್ಟಿ ಸವಿತಾಳ ಕಣ್ಣಿಂದ ಧಾರಾಕಾರ ನೀರು. ಅಧಿಕಾರಿಗಳು ದಿಂಬು ಎತ್ತಿ ನೋಡಿದರೂ ಏನೂ ಸಿಗಲಿಲ್ಲ. ಮಗಳ ಕಣ್ಣೀರು ಓದಿ ಓದಿ ಬಂದದ್ದೆಂದೇ ನಂಬಿದ ಮಾರೆಪ್ಪ ಕರಗಿಹೋದ.

“ಇಷ್ಟು ಓದಬ್ಯಾಡವ್ವಾ, ಕಣ್ಣು ಹಾಳಾಗ್ತಾವ,” ಎಂದವನು ಟ್ರಂಕನ್ನು ಮುಟ್ಟದೆ ಕೆಳಗಿಳಿದ.

ಸೀನು ಕೇಳಿದ್ದೇ ಹುಡುಗಿಯರು ಖಾಲಿ ಕೊಡದೊಳಗೆ ಬಚ್ಚಿಟ್ಟಿದ್ದ ಫೋನನ್ನು ಮರುದಿನ ಮೇಡಂ ತಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಹನ್ನೊಂದು ಹುಡುಗಿಯರಿಂದಲೂ ಒಂದು ವಾರ ಪಡಸಾಲೆ ಗುಡಿಸಿಸಿದರು. ಭಾನುವಾರಕ್ಕೊಮ್ಮೆ ತಾಯಂದಿರೊಂದಿಗೆ ಮಾತು, ಅದೂ ತಮ್ಮ ಕೋಣೆಯಲ್ಲೇ ಎಂದು ವಿಧಿಸಿದರು, ತಿಳೀತಾ, ತಿಳೀತು. ಸವಿತಾ ಪರೀಕ್ಷೆ ಬರೆದಳು. ರಾಯಚೂರಿನಿಂದ ಹೊಸ ಶೀಸೆ ಬಂತು. ಅನ್ನಮ್ಮನಿಗೂ ಒಂದು ತಂದಿದ್ದರು, ಅವಳು ಬೇಡವೆಂದಳು. ತನ್ನ ಪರಿಮಳದ ಬಗ್ಗೆ ಅವಳಿಗೆ ಈಗ ಹೆಮ್ಮೆಯೇ ಇದೆ.

ಬಿಗಿದ ಮುಖ, ಗಡುಸು ಹೆಜ್ಜೆ ಹೊತ್ತು ತಿರುಗುವ ಇಂಥ ಹೆಂಗಸರು ಲೋಕದಲ್ಲಿ ಬಹಳ ಮಂದಿ ಇದ್ದಾರೆ, ನಾವು ಅವರನ್ನು ಕಂಡು ರಸ್ತೆಯ ಆಚೆ ಬದಿಗೆ ಸರಿಯುತ್ತೇವೆ. ಆದರೆ ತಾವು ಬರುವ ಸುದ್ದಿಯನ್ನು ಅವರು ತಾವೇ ಮುಂದಾಗಿ ಕಳಿಸಿರುತ್ತಾರೆ, ಎದುರಿನವರಿಗೆ ಸಾವರಿಸಿಕೊಳ್ಳಲು ಎರಡು ನಿಮಿಷ ಸಿಗಲಿ ಎಂದು. ಕದ್ದು ಬರುವವರ ಕೈಗೆ ತಪ್ಪುಗಳು ಸಿಗುತ್ತವೆ. ಕೆಮ್ಮಿ ಬರುವವರಿಗೆ ಮಕ್ಕಳು ಉಳಿಯುತ್ತಾರೆ.